ಚೀಲ ಕಾಯುವ ಸರದಿ

ಹತ್ತು ಜನ ಕೂಡಿ ಪ್ರವಾಸ ಹೊರಡುವುದೆಂದರೆ ಹುಬ್ಬಳ್ಳಿಯಲ್ಲಿ ಮೊದಲು ನಡೆಯುವ ಕೆಲಸ, ತಮಗೆ ಎಲ್ಲಿಗೆ ಹೋಗಬೇಕಾಗಿದೆ ಎಂದು ಯಾರೂ ಹೇಳದಿರುವುದು. "ಎಲ್ಲಿಗಾದ್ರೂ ನಡೀತೈತ್ರಿ" ಎನ್ನುತ್ತಾರೆ ಒಬ್ಬರು. "ನೀವು ಹೆಂಗಂತೀರಿ ಹಂಗ" ಎನ್ನುತ್ತಾರೆ ಇನ್ನೊಬ್ಬರು. ಕಡೆಗೆ ದನಿ ದೊಡ್ಡದಿರುವ ಒಬ್ಬ ಮನುಷ್ಯ ಊರು ಗೊತ್ತು ಮಾಡುತ್ತಾನೆ, ಎಲ್ಲರೂ ಹೋಗಿ ಬರುತ್ತಾರೆ. ಬಂದ ಮೇಲೆ ವರ್ಷಗಟ್ಟಲೆ "ನನಗ ಅವತ್ತೇ ಬ್ಯಾಡ ಅನಿಸಿತ್ತು" ಎಂದು ಒಬ್ಬೊಬ್ಬರಾಗಿ ಗೊಣಗುತ್ತಾರೆ. ಶಿವಲೀಲಾ ಮದುವೆಯಾಗಿ ಬಂದದ್ದು ಇಂಥದೇ ಒಂದು ಮನೆಗೆ. ಬಾಯಿಗೆ ಬಂದು ನುಂಗಿದ ಮಾತನ್ನು ಕೇಳಿಸಿಕೊಳ್ಳುವ ಯಂತ್ರವೊಂದಿದ್ದರೆ ಹೇಗಿರುತ್ತದೆ ಎಂಬ ಯೋಚನೆ ಅವಳಿಗೆ ಬಂದದ್ದೂ ಅಲ್ಲೇ, ಒಂದು ಪ್ರವಾಸದ ಜಗಳ ಮುಗಿದು ಎಲ್ಲರೂ ಮುಖ ಊದಿಸಿಕೊಂಡು ಊಟಕ್ಕೆ ಕೂತಿದ್ದಾಗ.

ಆ ಯೋಚನೆಗೆ ಕೈಕಾಲು ಬಂದದ್ದು ವಿದ್ಯಾನಗರದ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಅದಕ್ಕೆ ಪ್ರಯೋಗಶಾಲೆ ಎಂದು ಹೆಸರು. ಅಲ್ಲಿದ್ದವರು ಇಬ್ಬರೇ: ಆ್ಯಪ್‌ನ ವಿನ್ಯಾಸ ಮಾಡುವ ಶಿವಲೀಲಾ, ಧ್ವನಿ ತಂತ್ರಜ್ಞ ಇಮ್ತಿಯಾಜ್ ನದಾಫ್. ಗಿರಣಿ ಶುರುವಾದರೆ ಗೋಡೆಯೆಲ್ಲ ನಡುಗುತ್ತಿತ್ತು. ಧ್ವನಿಯ ಪ್ರಯೋಗಕ್ಕೆ ಇದಕ್ಕಿಂತ ಕೆಟ್ಟ ಜಾಗ ಭೂಮಿಯ ಮೇಲೆ ಇಲ್ಲ ಎಂದು ಇಮ್ತಿಯಾಜ್ ದಿನಾ ಹೇಳುತ್ತಿದ್ದ. ಆದರೆ ಅವರ ಯಂತ್ರಕ್ಕೆ ಧ್ವನಿಯೇ ಬೇಕಿರಲಿಲ್ಲ. ನಾವು ಮಾತಾಡುವ ಮುಂಚೆ ಗಂಟಲಿನ ಸ್ನಾಯುಗಳು ಆ ಮಾತಿಗೆ ಸಜ್ಜಾಗುತ್ತವೆ. ಮನಸ್ಸು ಬದಲಿಸಿ ಸುಮ್ಮನಾದರೂ ಆ ಸಿದ್ಧತೆಯ ಸಣ್ಣ ವಿದ್ಯುತ್ ಮಿಡಿತ ಚರ್ಮದ ಮೇಲೆ ಸಿಗುತ್ತದೆ. ಕೊರಳಿಗೆ ಸುತ್ತಿದ ರೇಷ್ಮೆಯಷ್ಟು ಮೆತ್ತನೆಯ ಪಟ್ಟಿಯೊಂದು ಆ ಮಿಡಿತವನ್ನು ಹಿಡಿದು ಫೋನಿಗೆ ಕೊಡುತ್ತಿತ್ತು. ಫೋನು ಅದರಿಂದ ಮಾತನ್ನು ಬಿಡಿಸಿಕೊಳ್ಳುತ್ತಿತ್ತು.

ಆ್ಯಪ್‌ಗೆ ಶಿವಲೀಲಾ "ದಿಬ್ಬಣ" ಎಂದು ಹೆಸರಿಟ್ಟಳು. ಜೊತೆಗೊಂದು ಕಟ್ಟುನಿಟ್ಟಿನ ನಿಯಮವನ್ನೂ ಇಟ್ಟಳು. ಯಾರು ಏನು ನುಂಗಿದರು ಎಂಬುದು ಯಾರಿಗೂ, ಅವಳಿಗೂ ಸಹ, ಕಾಣಬಾರದು. ಎಲ್ಲರ ಆಸೆಯನ್ನೂ ಕೂಡಿಸಿ ಹದಮಾಡಿದ ಪ್ರವಾಸದ ಯೋಜನೆ ಮಾತ್ರ ಹೊರಗೆ ಬರಬೇಕು. ಇಲ್ಲದಿದ್ದರೆ ಊರಲ್ಲಿ ಒಂದು ಸಂಸಾರವೂ ಉಳಿಯಲಿಕ್ಕಿಲ್ಲ ಎಂದು ಇಮ್ತಿಯಾಜನೂ ಒಪ್ಪಿದ.

ಮೊದಲ ಪರೀಕ್ಷೆಯಲ್ಲೇ ದಿಬ್ಬಣ ಮುಗ್ಗರಿಸಿತು. ಶಿವಲೀಲಾಳ ಓಣಿಯವರಿಗೂ ಅಲ್ಲಿಗೆ ಬಂದು ಹೋಗುವವರಿಗೂ ಕೊರಳಿಗೆ ಪಟ್ಟಿ ಕಟ್ಟಿ, ಫೋನ್ ನಂಬರು ಬರೆದುಕೊಂಡು, ಸುಳ್ಳೇ ಒಂದು ಪ್ರವಾಸದ ಮಾತು ಎತ್ತಿ ಬಿಟ್ಟಿದ್ದರು. ಎರಡು ದಿನ ಬಿಟ್ಟು ನೋಡಿದರೆ ಆಸನಗಳೆಲ್ಲ ತುಂಬಿ, ಎರಡನೆಯ ಬಸ್ಸೂ ತುಂಬುತ್ತ ಬಂದಿತ್ತು. ಹೂವಿನವಳು, ನಲ್ಲಿ ರಿಪೇರಿಯವನು, ಮದುವೆ ಕಾರ್ಡು ಕೊಡಲು ಬಂದಿದ್ದ ದೂರದ ಬೀಗರು, ಎಲ್ಲರಿಗೂ "ನಿಮ್ಮ ಸೀಟು ಖಚಿತ" ಎಂಬ ಸಂದೇಶ ಹೋಗಿತ್ತು. ಇಮ್ತಿಯಾಜ್ ತಲೆ ಕೆರೆದುಕೊಂಡು ಹುಡುಕಿದ. ಕಾರಣ ಸಿಕ್ಕ ಮೇಲೆ ಕುರ್ಚಿಯಿಂದ ಬೀಳುವಷ್ಟು ನಕ್ಕ.

"ಅಕ್ಕಾರ, ಇವರೆಲ್ಲಾ ನಿಮ್ಮ ಓಣ್ಯಾಗಿಂದ ಹೊರಡೂ ಮುಂದ ಏನಂದಾರ ಗೊತ್ತೇನು? 'ಬರ್ತೀನ್ರಿ' ಅಂದಾರ! ಬಾಯಾಗ ಬರ್ತೀನಿ, ಗಂಟಲಾಗೂ ಬರ್ತೀನಿ. ಒಂದು ಅಕ್ಷರಾನೂ ನುಂಗಿಲ್ಲ. ಇಷ್ಟು ಪ್ರಾಮಾಣಿಕ ಮಂದಿ ಮತ್ತೆಲ್ಲಿ ಸಿಗ್ತಾರ ಅಂತ ದಿಬ್ಬಣ ಎಲ್ಲಾರ್ನೂ ಬಸ್ಸಿಗೆ ಹತ್ತಿಸೇತಿ!"

ಹೋಗುವಾಗ ಬರುತ್ತೇನೆ ಎನ್ನುವ ಜನರನ್ನು ಯಂತ್ರಕ್ಕೆ ತಿಳಿಸಿ ಹೇಳುವುದರಲ್ಲಿ ಒಂದು ವಾರ ಹೋಯಿತು. ಹೂವಿನವಳು ಮಾತ್ರ ಬಹಳ ದಿನ "ಬಸ್ ಯಾವಾಗ ಬರ್ತೈತ್ರಿ?" ಎಂದು ಕೇಳುತ್ತಲೇ ಇದ್ದಳು.

ಇದೆಲ್ಲ ಸರಿಯಾದ ಮೇಲೆ ನಿಜವಾದ ಪ್ರವಾಸದ ಮೇಲೆ ಆ್ಯಪ್ ಅನ್ನು ಒರೆಗೆ ಹಚ್ಚಬೇಕಿತ್ತು. ಶಿವಲೀಲಾ ತನ್ನ ಮನೆಯವರನ್ನೇ ಆರಿಸಿಕೊಂಡಳು. ಅದಕ್ಕೆ ಕಾರಣವಿತ್ತು. ಆ ಮನೆಯಲ್ಲಿ ಅವಳ ಅತ್ತೆ ದಾನಮ್ಮ ಇದ್ದಳು.

ದಾನಮ್ಮ ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಮನೆಯವರು ಹೋದ ಪ್ರವಾಸಗಳಿಗೆಲ್ಲ ಅವಳೂ ಹೋಗಿದ್ದಳು. ಹಂಪಿಗೆ ಹೋಗಿದ್ದಳು, ಬಾದಾಮಿಗೆ ಹೋಗಿದ್ದಳು, ಜೋಗಕ್ಕೂ ಹೋಗಿದ್ದಳು. ಗಾಡಿ ನಿಂತ ಕೂಡಲೇ ಒಂದು ನೆರಳು ನೋಡಿ, ಚೀಲಗಳನ್ನೆಲ್ಲ ಸುತ್ತ ಒಟ್ಟಿಕೊಂಡು, "ನೀವು ನೋಡಿ ಬರ್ರಿ, ನಾ ಇಲ್ಲೇ ಚೀಲ ಕಾಯ್ತೇನಿ" ಎಂದು ಕೂತುಬಿಡುತ್ತಿದ್ದಳು. ಹೀಗಾಗಿ ಹಂಪಿ ಎಂದರೆ ಅವಳಿಗೆ ಎಳನೀರು ಮಾರುವ ಒಬ್ಬ ಸಂಭಾವಿತ ಮನುಷ್ಯ. ಬಾದಾಮಿ ಎಂದರೆ ಮಂಗಗಳು. ಜೋಗದ ವಿಷಯ ಕೇಳಿದರೆ "ಸಪ್ಪಳ ಭಾಳ ಚಲೋ ಇತ್ತು" ಎನ್ನುತ್ತಿದ್ದಳು. ಮನೆಯವರು ಇದನ್ನು ನೆನೆಸಿ ನೆನೆಸಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಶಿವಲೀಲಾಗೆ ಮಾತ್ರ ಆ ನಗು ಸೇರುತ್ತಿರಲಿಲ್ಲ. ಈ ಸಲವಾದರೂ ಅತ್ತೆ ಏನಾದರೊಂದನ್ನು ಒಳಗೆ ಹೋಗಿ ನೋಡಬೇಕು, ಅದೂ ತನಗೆ ಬೇಕಾದದ್ದನ್ನು, ಎಂದು ಅವಳು ಮನಸ್ಸಿನಲ್ಲೇ ಹಟ ಹಿಡಿದಿದ್ದಳು. ಅಷ್ಟು ಮಾಡಲಾಗದ ಆ್ಯಪ್ ಇದ್ದರೆಷ್ಟು ಬಿಟ್ಟರೆಷ್ಟು?

ಭಾನುವಾರ ಮಧ್ಯಾಹ್ನ ಸಭೆ ಸೇರಿತು. ನಡುವೆ ಒಂದು ದೊಡ್ಡ ಪಾತ್ರೆಯ ತುಂಬ ಮಂಡಕ್ಕಿಯ ಗಿರ್ಮಿಟ್ಟು, ಸುತ್ತ ಪಟ್ಟಿ ಕಟ್ಟಿದ ಕೊರಳುಗಳು. ಮನೆಯ ದೊಡ್ಡ ದನಿ ಶಿವಲೀಲಾಳ ಭಾವ ಶಂಕ್ರಣ್ಣನದು. ಅವನು ಎಂದಿನಂತೆ ಶುರುಮಾಡಿದ.

"ನೋಡ್ರಿ, ಪ್ರವಾಸ ಅಂದ್ರ ಭಕ್ತಿ ಇರಬೇಕು. ಕೂಡಲಸಂಗಮ, ಮುಂದ ಬಸವನ ಬಾಗೇವಾಡಿ. ಚೈನಿ ಬ್ಯಾಡ."

"ಹೌದು ಹೌದು, ಭಕ್ತಿ ಇರಬೇಕು" ಎಂದ ಶಿವಲೀಲಾಳ ಗಂಡ ವೀರೇಶ.

"ನಮಗೇನ್ರಿ, ಎಲ್ಲಿಗಾದ್ರೂ ಆತು" ಎಂದಳು ಶಂಕ್ರಣ್ಣನ ಹೆಂಡತಿ ಕಸ್ತೂರಿ.

"ಎಲ್ಲಿಗೆ ಹೋದ್ರೂ ನಾ ಚೀಲ ಕಾಯ್ತೇನಿ" ಎಂದಳು ದಾನಮ್ಮ.

ಗಿರ್ಮಿಟ್ಟಿನ ಪಾತ್ರೆ ಖಾಲಿಯಾಗುವ ಹೊತ್ತಿಗೆ ದಿಬ್ಬಣ ಟಿಣ್ ಎಂದಿತು. ಕೂಡಲಸಂಗಮ ಇತ್ತು. ಅದರ ಬೆನ್ನಿಗೇ ನೀರಾಟದ ಪಾರ್ಕೊಂದಿತ್ತು, ಅರ್ಧ ದಿನ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಶಂಕ್ರಣ್ಣ ಕೆಮ್ಮಿ, ಮೇಲಿನ ಪಂಖಾ ನೋಡುತ್ತ ಹೇಳಿದ: "ಯಾರದೋ ಪಾಪ, ಆಸೆ ಇದ್ದೀತು. ಮನಸ್ಸು ಮುರಿಯೂದು ಬ್ಯಾಡ. ನೀರಂದ್ರ ಎಲ್ಲಾನೂ ಗಂಗೀನ ಅಲ್ಲೇನು?"

ವೀರೇಶ ನಗು ತಡೆಯಲು ನೀರು ಕುಡಿಯಬೇಕಾಯಿತು. ಶಿವಲೀಲಾಗೂ ಖುಷಿಯೋ ಖುಷಿ. ತಾನು ಅಂದುಕೊಂಡಂತೆಯೇ ಯಂತ್ರ ಕೆಲಸ ಮಾಡಿತ್ತು. ಆ ಖುಷಿಯಲ್ಲೇ ಅವಳು ಮುಂದಿನ ಪುಟ ಜೋರಾಗಿ ಓದಿದಳು. ಅಲ್ಲಿ ಯಾರು ಯಾವ ಕೆಲಸ ಮಾಡಬೇಕೆಂಬ ಹಂಚಿಕೆಯಿತ್ತು. "ಚೀಲ ಕಾಯುವುದು: ದಾನಮ್ಮ. ಎಲ್ಲ ಸ್ಥಳಗಳಲ್ಲಿ. ಸ್ವಂತ ಇಷ್ಟದಂತೆ."

ಮನೆಯೆಲ್ಲ ಘೊಳ್ ಎಂದು ನಕ್ಕಿತು. "ನೋಡಬೇ ಯವ್ವಾ, ಮಷಿನ್ನಿಗೂ ಗೊತ್ತಾತು ನಿನಗ ಏನು ಸೇರ್ತೈತಿ ಅಂತ!" ಎಂದ ಶಂಕ್ರಣ್ಣ. ದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೂ ನಕ್ಕು, ಖಾಲಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಶಿವಲೀಲಾಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷ ಮನೆಯವರು ತಮಾಷೆಗೆ ಹೇಳುತ್ತಿದ್ದ ಮಾತಿಗೆ ಈಗ ಅವಳೇ ವಿಜ್ಞಾನದ ಮುದ್ರೆ ಒತ್ತಿಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಗಿರಣಿ ಶುರುವಾಗುವ ಮುಂಚೆಯೇ ಅವಳು ಇಮ್ತಿಯಾಜನ ಮುಂದೆ ಕೂತಿದ್ದಳು. ನುಂಗಿದ ಮಾತುಗಳು ಬೀಗದೊಳಗಿದ್ದರೂ ಮಿಡಿತದ ಗೆರೆಯನ್ನು ನೋಡಬಹುದಿತ್ತು. ಎಲ್ಲರ ಗೆರೆಯೂ ಸಭೆಯುದ್ದಕ್ಕೂ ಕುಣಿದಿತ್ತು. ಒಂದು ಗೆರೆಯಂತೂ ಹುಚ್ಚೆದ್ದು ಕುಣಿದಿತ್ತು. ಅದು ಯಾರದೆಂದು ಕೇಳದೆ ಇಬ್ಬರಿಗೂ ಗೊತ್ತಾಯಿತು. ದಾನಮ್ಮನ ಗೆರೆ ನೇರವಾಗಿತ್ತು. ಮಾತಾಡಿದಾಗ ಒಂದಿಷ್ಟು ಏರಿಳಿತ, ಮಿಕ್ಕಂತೆ ಏನೂ ಇಲ್ಲ.

"ಪಟ್ಟಿ ಸಡಿಲಿತ್ತೇನೋ" ಎಂದಳು ಶಿವಲೀಲಾ.

"ಇಲ್ರಿ. ಪಟ್ಟಿ ಸರಿ ಐತಿ. ಕೆಲವ್ರು ಇರ್ತಾರ್ರಿ ಅಕ್ಕಾರ, ಆಸೇನ ಇಲ್ಲದವರು. ನಮ್ಮ ಅಮ್ಮೀನೂ ಹಂಗ. ಏನೂ ಬೇಡೂದಿಲ್ಲ."

"ನಿಮ್ಮ ಅಮ್ಮೀನ್ನ ಯಾವತ್ತರ ಕೇಳೀಯೇನು?"

ಇಮ್ತಿಯಾಜ್ ಬಾಯಿ ತೆರೆದು, ಮುಚ್ಚಿದ. ಅವನ ಕೊರಳಲ್ಲಿ ಪಟ್ಟಿ ಇದ್ದಿದ್ದರೆ ಗೆರೆ ಒಮ್ಮೆ ಜಿಗಿಯುತ್ತಿತ್ತು. ಅವನು ಸುಮ್ಮನೆ ತಿರುಗಿ, ಸಭೆಯಲ್ಲಿ ಜೋರಾಗಿ ಆಡಿದ ಮಾತುಗಳನ್ನು ತೆಗೆದ. ಅವಕ್ಕೆ ಬೀಗವಿರಲಿಲ್ಲ. ದಾನಮ್ಮನಿಗೆ ಯಾರು ಯಾರು ಏನೇನು ಕೇಳಿದರು ಎಂದು ಬೇರ್ಪಡಿಸಿದ. ಪ್ರಶ್ನೆಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಯವ್ವಾ, ರೊಟ್ಟಿಗೆ ಹಚ್ಚಾಕ ಶೇಂಗಾ ಹಿಂಡಿ ಐತೇನು? ಅತ್ತೀ, ರೊಟ್ಟಿ ಎರಡು ದಿನಾ ತಡೀತಾವೇನು? ಯವ್ವಾ, ನನ್ನ ಸ್ವೆಟರ್ ಎಲ್ಲಿ ಇಟ್ಟೀ? ಯವ್ವಾ, ಚಹಾ ಮಾಡ್ತೀಯೇನು? ಆಮೇಲೆ ಪರದೆ ಬರಿದಾಯಿತು. ನಿನಗೆ ಎಲ್ಲಿ ಹೋಗಬೇಕು ಎಂದು ಅವಳನ್ನು ಒಬ್ಬರೂ ಕೇಳಿರಲಿಲ್ಲ. ಶಿವಲೀಲಾ ಕೂಡ ಕೇಳಿರಲಿಲ್ಲ. ಪಟ್ಟಿ ಕಟ್ಟಿದರೆ ಸಾಕು, ಯಂತ್ರ ಕೇಳುತ್ತದೆ ಎಂದುಕೊಂಡು ಕೂತಿದ್ದಳು.

"ಪ್ರಶ್ನಾನೇ ಇಲ್ಲಂದ್ರ ಮನಷಾ ಉತ್ತರ ಹೆಂಗ ನುಂಗ್ತಾನ್ರಿ" ಎಂದ ಇಮ್ತಿಯಾಜ್ ಮೆಲ್ಲಗೆ. ಕೆಳಗೆ ಗಿರಣಿ ಶುರುವಾಯಿತು. ಅವನು ಫೋನು ತೆಗೆದುಕೊಂಡು ಹೊರಗೆ ಮೆಟ್ಟಿಲಿಗೆ ಹೋದ. ಅಮ್ಮಿಗೆ ಫೋನು ಮಾಡಲಿಕ್ಕೆ ಎಂದು ಶಿವಲೀಲಾಗೆ ಹೇಳಬೇಕಾಗಿರಲಿಲ್ಲ.

ಸಂಜೆ ಅಡಿಗೆಮನೆಯಲ್ಲಿ ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಸೊಸೆ "ಪರೀಕ್ಷೆ ಇನ್ನೂ ಒಂದು ಬಾಕಿ ಐತ್ರಿ" ಎಂದು ಕೊರಳಿಗೆ ಪಟ್ಟಿ ಕಟ್ಟಿದಳು. ಆಮೇಲೆ ಏನು ಹೇಳಬೇಕೋ ತಿಳಿಯದೆ ಸ್ವಲ್ಪ ಹೊತ್ತು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದಳು.

"ಅತ್ತೀ, ನಿಮಗೆಲ್ಲಿ ಹೋಗಬೇಕಾಗೇತ್ರಿ?"

"ನಮಗೇನವ್ವಾ. ಹುಡುಗ್ರು ಎಲ್ಲಿ ಅಂತಾರ ಅಲ್ಲಿ."

"ಹುಡುಗ್ರದು ಬಿಡ್ರಿ. ನಿಮಗ. ನಿಮಗೊಬ್ಬರಿಗೇ."

ರೊಟ್ಟಿ ಬಡಿಯುವ ಕೈ ನಿಂತಿತು. ದಾನಮ್ಮ ಸೊಸೆಯ ಮುಖ ನೋಡಿದಳು, ಒಲೆ ನೋಡಿದಳು. ತುಟಿ ಅಲುಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದರೂ ಕೈ ಅಲುಗಲಿಲ್ಲ. ಕೊರಳ ಪಟ್ಟಿಯ ಚಿಕ್ಕ ದೀಪ ಮಾತ್ರ ಮಿನುಗಿತು, ಮತ್ತೆ ಮತ್ತೆ ಮಿನುಗಿತು. ಆಮೇಲೆ ಅವಳು "ಅಯ್ಯ, ರೊಟ್ಟಿ ಹೊತ್ತಿತಲ್ಲ!" ಎಂದು ಗಡಬಡಿಸಿ ಅದನ್ನು ತಿರುವಿ ಹಾಕಿದಳು.

ಫೋನಿನಲ್ಲಿ ಆ ಮಾತು ಬೀಗದೊಳಗೆ ಕೂತಿತ್ತು. ಬೀಗ ಹಾಕಿದವಳು ಶಿವಲೀಲಾಳೇ. ತೆಗೆಯುವುದು ಅವಳಿಗೆ ಕಷ್ಟವೂ ಆಗಿರಲಿಲ್ಲ. ಬೆರಳು ಪರದೆಯ ಹತ್ತಿರ ಹೋಯಿತು ಕೂಡ. ಆದರೆ ಅತ್ತೆ ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡ ಮಾತನ್ನು ಹೇಳದೆ ಕೇಳದೆ ತೆಗೆದುಕೊಂಡರೆ ಅದು ಕಳವಲ್ಲದೆ ಇನ್ನೇನು ಎನಿಸಿ ಕೈ ಹಿಂದಕ್ಕೆ ಎಳೆದುಕೊಂಡಳು. ಎಳೆದುಕೊಂಡದ್ದೇ ಒಳ್ಳೆಯದಾಯಿತು. ಮರುಗಳಿಗೆಯಲ್ಲಿ ದಿಬ್ಬಣ ಟಿಣ್ ಎಂದು ಯೋಜನೆಯನ್ನು ತಾನೇ ತಿದ್ದಿತು. ಎಲ್ಲಕ್ಕಿಂತ ಮೊದಲು ವಿಜಯಪುರ, ಗೋಳಗುಮ್ಮಟ. ಚೀಲ ಕಾಯುವುದು ಇನ್ನು ಸರದಿಯ ಮೇಲೆ. ಮೊದಲ ಸರದಿ ಶಂಕ್ರಣ್ಣನದು.

ಫೋನು ನೋಡಿ ಶಂಕ್ರಣ್ಣ ಹೌಹಾರಿದ. "ಗೋಳಗುಮ್ಮಟಾ? ಮೂರು ಸಲ ಹೋಗಿ ಬಂದೇವಿ! ಯಾರಿಗೆ ಬೇಕಾಗೇತದು?"

ದಾನಮ್ಮ ಶೇಂಗಾ ಹಿಂಡಿಯ ಡಬ್ಬಿಗೆ ಬಟ್ಟೆ ಕಟ್ಟುತ್ತಿದ್ದಳು. "ನೀರಿನ ಪಾರ್ಕು ಇದ್ದೇ ಐತಲ್ಲ" ಎಂದು ವೀರೇಶ ಸಮಾಧಾನ ಹೇಳಿದ ಮೇಲೆ ಶಂಕ್ರಣ್ಣ ತಣ್ಣಗಾದ.

ಸಂಕ್ರಾಂತಿಯ ಹಿಂದುಮುಂದಿನ ಚಳಿಯಲ್ಲಿ ಟೆಂಪೋ ಮಾಡಿಕೊಂಡು ಹೊರಟರು. ಬಿಸಿಲೇರುವ ಹೊತ್ತಿಗೆ ವಿಜಯಪುರ ಬಂತು. ಗೋಳಗುಮ್ಮಟದ ಮುಂದಿನ ಹುಲ್ಲಿನ ಹತ್ತಿರ ಒಂದು ಮರ, ಮರದ ಕೆಳಗೆ ಒಂದು ಕಟ್ಟೆ. ಯಾರೂ ಏನೂ ಹೇಳುವ ಮೊದಲೇ ದಾನಮ್ಮ ಚೀಲಗಳನ್ನೆಲ್ಲ ಒಟ್ಟಿಕೊಂಡು ಕಟ್ಟೆಯ ಮೇಲೆ ಕೂತಾಗಿತ್ತು.

"ನೀವು ನೋಡಿ ಬರ್ರಿ."

ಆಸೆ ದಾನಮ್ಮನದೇ, ಬಂದ ಊರೂ ಅವಳದೇ ಆಯ್ಕೆ, ಆದರೂ ಅವಳ ಮೈಗೆ ಕೂರುವುದೊಂದೇ ರೂಢಿ. ಇದಕ್ಕೆ ದಿಬ್ಬಣದಲ್ಲಿ ಯಾವ ಗುಂಡಿಯೂ ಇರಲಿಲ್ಲ. "ಏಳ್ರಿ ಅತ್ತೀ, ನಿಮ್ಮ ಸಲುವಾಗಿ ಬಂದೇವಿ" ಎಂದರೆ ಎಲ್ಲರೆದುರು ಗುಟ್ಟು ರಟ್ಟು. ಸುಮ್ಮನಿದ್ದರೆ ನಾಲ್ಕನೆಯ ಸಲವೂ ಅವಳು ಮರದ ಕೆಳಗೇ. ಏನು ಮಾಡಲೆಂದು ಶಿವಲೀಲಾ ಕೈ ಹಿಸುಕಿಕೊಳ್ಳುತ್ತಿದ್ದಾಗ ಶಂಕ್ರಣ್ಣ ಫೋನು ಹಿಡಿದುಕೊಂಡು ದುಮುದುಮು ಎನ್ನುತ್ತ ಬಂದ.

"ಯವ್ವಾ, ಏಳು. ಇದು ನನ್ನ ಸರದಿ. ಇಲ್ನೋಡು, ಹೆಸರ ಬಂದೈತಿ. ನೀ ಕುಂತ್ರ ನಾ ಸರದಿ ತಪ್ಪಿಸಿದೆ ಅಂತ ಮಷಿನ್ ಬರಕೊಳ್ತೈತಿ. ಆಮ್ಯಾಲೆ ಪಾರ್ಕಿನ್ಯಾಗ ನನ್ನ ಕುಂದ್ರಸ್ತೈತಿ!"

"ನೀ ಹೋಗೋ. ನನಗ ರೂಢಿ ಐತಿ."

"ಏ ಏಳಬೇ!" ಎಂದು ಅವನು ದೊಡ್ಡ ಚೀಲವನ್ನು ಅವಳ ಮಡಿಲಿನಿಂದ ಕಿತ್ತುಕೊಂಡು, ತನ್ನ ತೊಡೆಯ ಕೆಳಗೆ ಒತ್ತಿ ಹಿಡಿದು, ಕಟ್ಟೆಯ ನಡುಮಧ್ಯ ಪೀಠ ಹಾಕಿದ. ಕೂರಲು ಜಾಗವೇ ಉಳಿಯಲಿಲ್ಲ. ದಾನಮ್ಮ ಎದ್ದು ನಿಂತಳು. ಕೈಯಲ್ಲಿ ಏನೂ ಇರಲಿಲ್ಲ. ಅದಕ್ಕೇ ಎರಡೂ ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಸೆರಗು ಹಿಡಿದುಕೊಂಡಳು.

"ಬರ್ರಿ ಅತ್ತೀ" ಎಂದಳು ಶಿವಲೀಲಾ.

ಮೂಲೆಯ ಗೋಪುರದ ಮೆಟ್ಟಿಲುಗಳು ಕಡಿದಾಗಿದ್ದವು. ದಾನಮ್ಮ ಎಷ್ಟೋ ವರ್ಷ ಸಂತೆಯಿಂದ ಜೋಳದ ಚೀಲ ಹೊತ್ತು ತಂದ ಗಟ್ಟಿಗಿತ್ತಿ, ನಿಧಾನಕ್ಕೆ ಹತ್ತಿದಳು. ಅಂತಸ್ತು ಅಂತಸ್ತಿಗೂ ಕಿಂಡಿಯಲ್ಲಿ ಹೊರಗೆ ನೋಡಿ ಊರು ಎಷ್ಟು ಸಣ್ಣದಾಯಿತೆಂದು ಅಚ್ಚರಿಪಟ್ಟಳು. ಮೇಲೆ ಗುಮ್ಮಟದ ಒಳಸುತ್ತಿನಲ್ಲಿ ಒಂದು ಶಾಲೆಯ ಮಕ್ಕಳು ಕೂಗಿ ಕೂಗಿ ಸುಸ್ತಾಗಿ ಇಳಿಯುತ್ತಿದ್ದರು. ಅವರು ಹೋದ ಮೇಲೆ ಆ ಭಾರಿ ಗುಮ್ಮಟ ತಣ್ಣಗಾಯಿತು.

ದಾನಮ್ಮ ಗೋಡೆಗೆ ಅಂಗೈ ಇಟ್ಟು ನಿಂತಳು. "ಮೂರು ಸಲಾನೂ ಕೆಳಗ ಬಂದು ಹೇಳ್ತಿದ್ರವ್ವಾ ಇವರು" ಎಂದಳು. "'ಯವ್ವಾ, ಮ್ಯಾಲೆ ನಿನ್ನ ಹೆಸರ ಹಿಡಿದು ಕೂಗಿದ್ವಿ, ಎಷ್ಟು ಸಲ ಬಂತು ಗೊತ್ತೇನು' ಅಂತ. ಕೆಳಗ ಮರದ ಬುಡಕ್ಕ ಏನೂ ಕೇಳಿಸ್ತಿದ್ದಿಲ್ಲ."

ಶಿವಲೀಲಾ ಸುತ್ತು ಹಾಕಿ ಗುಮ್ಮಟದ ಆಚೆ ಬದಿಗೆ ಹೋದಳು. ಅಷ್ಟು ದೂರದಿಂದ ಅತ್ತೆ ಗೊಂಬೆಯಷ್ಟು ಕಾಣುತ್ತಿದ್ದಳು. ಸೊಸೆ ಅತ್ತೆಯ ಹೆಸರು ಹಿಡಿಯುವುದುಂಟೇ ಎಂದು ನಾಲಿಗೆ ಒಮ್ಮೆ ತಡವರಿಸಿತು. ಅವಳು ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಅಂದಳು: "ದಾನಮ್ಮಾ."

ಹೆಸರು ಗೋಡೆಯುದ್ದಕ್ಕೂ ಹರಿದು ಹೋಯಿತು. ಆಚೆ ದಡದಲ್ಲಿ ದಾನಮ್ಮ ಬೆಚ್ಚಿ ಬಿದ್ದು ಪಕ್ಕಕ್ಕೆ ನೋಡಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಆಮೇಲೆ ತಿಳಿಯಿತು. ತಿಳಿದದ್ದೇ ತಡ, ಅವಳು ನಕ್ಕುಬಿಟ್ಟಳು. ಸೆರಗು ಬಾಯಿಗೆ ಬರಲಿಲ್ಲ. ನಗು ಗುಮ್ಮಟಕ್ಕೆ ಬಡಿದು ಹಿಂದೆ ಬಂತು, ಬಂದ ನಗು ಕೇಳಿ ಅವಳಿಗೆ ಇನ್ನೂ ನಗು ಬಂತು, ಅದೂ ಹಿಂದೆ ಬಂತು. ಕಡೆಗೆ ಗುಮ್ಮಟದ ತುಂಬ ಹತ್ತು ಹನ್ನೆರಡು ದಾನಮ್ಮಂದಿರು ನಗುತ್ತಿದ್ದರು. ಮೆಟ್ಟಿಲ ಬಾಯಲ್ಲಿ ನಿಂತ ವೀರೇಶ ತನ್ನ ತಾಯಿಯ ನಗು ಇಷ್ಟು ದೊಡ್ಡದೆಂದು ಆವತ್ತೇ ತಿಳಿದುಕೊಂಡ. ಶಿವಲೀಲಾ ಕಣ್ಣೊರೆಸಿಕೊಂಡಳು. ಅವಳಿಗೆ ಅಷ್ಟು ಸಂತೋಷವಾಗಿತ್ತು.

ದಿಬ್ಬಣ ಟಿಣ್ ಟಿಣ್ ಎನ್ನತೊಡಗಿತು. ಮುಂದಿನ ಸ್ಥಳಕ್ಕೆ ಹೊತ್ತಾಗುತ್ತಿತ್ತು. "ಯವ್ವಾ, ಇಳಿಯೂಣು ಬಾ" ಎಂದ ವೀರೇಶ.

"ನೀವು ಇಳೀರಿ. ನಾ ಇನ್ನೂ ಒಂದು ಸುತ್ತ ನೋಡ್ತೇನಿ."

ಅವರು ಇಳಿದರು. ಕಟ್ಟೆಯ ಹತ್ತಿರ ಬಂದು ಒಬ್ಬೊಬ್ಬರಾಗಿ ಚೀಲಗಳ ನಡುವೆ ಕೂತರು. ವೀರೇಶ ಕೂತ, ಕಸ್ತೂರಿ ಕೂತಳು, ಶಿವಲೀಲಾ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನೆರಳು ಸರಿಯಿತು. ಫೋನು ಮತ್ತೆ ಟಿಣ್ ಎಂದಾಗ ಶಂಕ್ರಣ್ಣನೇ "ಅದರ ಬಾಯಿ ಮುಚ್ಚಸವ್ವಾ ಮೊದಲ" ಎಂದ. ಮೂರು ಸಲ ಬಂದಿದ್ದರೂ ಈ ಕಟ್ಟೆ ಎಷ್ಟು ಗಟ್ಟಿ, ಇಲ್ಲಿ ಕೂತು ಕಾಯುವುದು ಎಷ್ಟು ಉದ್ದ ಎಂದು ಅವನಿಗೆ ಗೊತ್ತಿರಲಿಲ್ಲ.

ದಾನಮ್ಮ ಬಂದಳು. ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು. ಕೊರಳಲ್ಲಿ ಪಟ್ಟಿ ಇರಲಿಲ್ಲ. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಅವಳು ಕಟ್ಟೆಯ ಮುಂದೆ ನಿಂತು, ಚೀಲ ಕಾಯುತ್ತಿದ್ದ ತನ್ನ ಮನೆಮಂದಿಯನ್ನೆಲ್ಲ ಒಮ್ಮೆ ನೋಡಿ, ಹುಲ್ಲಿನ ಆಚೆ ಹೋಗುವವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು:

"ಹಂಪಿಗೆ ಇನ್ನೊಮ್ಮೆ ಹೋಗಬೇಕು. ಬಾದಾಮಿಗೂ ಹೋಗಬೇಕು, ಜೋಗಕ್ಕೂ. ನಾ ಅಲ್ಲಿ ಏನೇನೂ ನೋಡಿಲ್ಲ."

ಮೊದಲು ಎದ್ದವನು ಶಂಕ್ರಣ್ಣ. ಒಂದು ಕೈಯಲ್ಲಿ ದೊಡ್ಡ ಚೀಲ, ಇನ್ನೊಂದರಲ್ಲಿ ಸಣ್ಣದು, ಹೆಗಲಿಗೆ ನೀರಿನ ಕ್ಯಾನು ಏರಿಸಿಕೊಂಡ.

"ಆತು ಯವ್ವಾ" ಎಂದ. "ಮೊದಲಿಂದ ಸುರು ಮಾಡೂಣು. ಪಾರ್ಕು ಆಮ್ಯಾಲೆ ನೋಡಿದ್ರಾತು."

ಅಷ್ಟರಲ್ಲಿ ದಾನಮ್ಮ ಬರಿಗೈಯಲ್ಲಿ ಟೆಂಪೋದ ಕಡೆ ನಡೆದಾಗಿತ್ತು.